ಕಣ್ಣಳತೆ ಮತ್ತು ಕಂತು

ಚಿರಂಜೀವಿ ಅಳಿಯನಿಗೆ ಮೈಸೂರಿನಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಮೊನ್ನೆ ರಾತ್ರಿ ಒಂಬತ್ತೂವರೆಗೆ ನಿಮ್ಮಮ್ಮ ಫೋನ್ ಮಾಡಿದ್ದಳು. ಆ ಹೊತ್ತಿನಲ್ಲಿ ಅವಳ ಫೋನ್ ಬಂತೆಂದರೆ ಯಾರಿಗೋ ಹುಷಾರಿಲ್ಲ ಅಂತಲೇ ಲೆಕ್ಕ. ಎದೆ ಧಸಕ್ಕೆಂದಿತು. ಕೇಳಿದರೆ ಕ್ಯಾಮೆರಾ ವಿಷಯ. "ಒಂದು ಕ್ಯಾಮೆರಾಕ್ಕೆ ಕಾರಿನ ದುಡ್ಡು ಸುರಿಯುತ್ತಾನಂತೆ ಕಣಣ್ಣ, ಅದೂ ಕಂತಿನ ಮೇಲೆ. ನೀನಾದರೂ ಹೇಳು, ನಿನ್ನ ಮಾತು ಕೇಳುತ್ತಾನೆ" ಅಂದಳು. ನನ್ನ ಮಾತು ನೀನು ಕೇಳಿದ್ದು ನನಗಂತೂ ನೆನಪಿಲ್ಲ. ಆದರೂ ಬರೆಯುತ್ತಿದ್ದೇನೆ. ಪತ್ರಿಕೆಗೆ ಯಾಕೆ ಕೊಟ್ಟೆ ಎಂದು ಮುನಿಸಿಕೊಳ್ಳಬೇಡ, ನಿನ್ನ ಹೆಸರು ಹಾಕಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದರೆ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತಿದ್ದೆ. ಅಲ್ಲದೆ ಈ ರೇಂಜ್‌ಫೈಂಡರ್ ಕ್ಯಾಮೆರಾದ ಹುಚ್ಚು ಹಿಡಿದವನು ನೀನೊಬ್ಬನೇ ಅಲ್ಲ. ನಿನ್ನ ವಯಸ್ಸಿನ ಮೂವರು ಇದೇ ವರ್ಷ ನನ್ನ ಮನೆ ಜಗಲಿಗೆ ಬಂದು ಇದನ್ನೇ ಕೇಳಿ ಹೋಗಿದ್ದಾರೆ.

ಕೊಳ್ಳಬೇಡ ಎನ್ನಲು ನಾನು ಕೂತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದುಡಿಯುವವನು ನೀನು, ದುಡ್ಡು ನಿನ್ನದು. ಎರಡೂ ಕಡೆಯದನ್ನು ತಕ್ಕಡಿಗೆ ಹಾಕಿ ತೂಗುತ್ತೇನೆ, ಅಷ್ಟೆ.

ನನ್ನ ಕೈಗೆ ಕ್ಯಾಮೆರಾ ಕೊಟ್ಟವರು ಶಿವರಾಂಪೇಟೆಯ ಒಂದು ಸ್ಟುಡಿಯೋ ಯಜಮಾನರು. ಕೊಟ್ಟವರು ಎಂದೆನಲ್ಲ, ಮೊದಲ ಆರು ತಿಂಗಳು ಮುಟ್ಟಿಸಲೇ ಇಲ್ಲ. ಬೆಳಿಗ್ಗೆ ಅಂಗಡಿ ಗುಡಿಸುವುದು, ಹೈಪೋ ಕಲಸುವುದು, ಹಗ್ಗಕ್ಕೆ ನೇತುಹಾಕಿದ ನೆಗೆಟಿವ್ ಕತ್ತರಿಸಿ ಕವರಿಗೆ ತುಂಬುವುದು. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, "ಆ ಸೈಕಲ್ ಎಷ್ಟು ದೂರ? ಆ ಎಮ್ಮೆ?" ಎಂದು ಕೇಳುವರು. ಮೀಟರ್ ಗೀಟರ್ ಅವರಿಗೆ ಬೇಡ, ಮಾರಿನ ಲೆಕ್ಕದಲ್ಲೇ ಹೇಳಬೇಕು. "ಎರಡು ಮಾರು" ಅಂದರೆ, "ಹೋಗು, ಅಳೆದುಕೊಂಡು ಬಾ" ಎನ್ನುವರು. ಬೀದಿ ಮಧ್ಯೆ ರೆಕ್ಕೆ ಬಿಚ್ಚಿದ ಹದ್ದಿನ ಹಾಗೆ ಕೈಚಾಚಿ ಅಳೆಯುವ ನನ್ನನ್ನು ನೋಡಿ ಎದುರು ಹೋಟೆಲಿನ ಮಾಣಿಗಳು ನಗುತ್ತಿದ್ದರು. ವರ್ಷ ತುಂಬುವುದರೊಳಗೆ ಅರ್ಧ ಮಾರೂ ತಪ್ಪದ ಹಾಗೆ ಹೇಳುತ್ತಿದ್ದೆ. ಕಣ್ಣಳತೆ ಕೂತಿತ್ತು.

ರೇಂಜ್‌ಫೈಂಡರ್ ಮಾಡುವುದೂ ಈ ಕಣ್ಣಳತೆಯ ಕೆಲಸವನ್ನೇ. ಕ್ಯಾಮೆರಾದ ಮುಖದಲ್ಲಿ ಎರಡು ಕಿಟಕಿ. ಲೈಕಾ ಎಂ ಮಾದರಿಗಳಲ್ಲಿ ಅವುಗಳ ನಡುವೆ ಏಳು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಅಂತರ. ನಮ್ಮ ಎರಡು ಕಣ್ಣುಗಳ ನಡುವೆ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಎರಡರಿಂದ ಬಂದ ಬಿಂಬಗಳು ನಡುವಿನ ಪುಟ್ಟ ಚೌಕದಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಲೆನ್ಸಿನ ಉಂಗುರ ತಿರುಗಿಸುತ್ತಾ ಹೋದರೆ ಅದರ ಹಿಂಬದಿ ಒಳಗಿನ ಸಣ್ಣ ಗಾಲಿಯನ್ನು ತಳ್ಳುತ್ತದೆ, ಬಿಂಬ ಸರಿಯುತ್ತದೆ, ಎರಡು ಮೂಗು ಒಂದಾಗುತ್ತದೆ. ಒಂದಾದ ಕಡೆಗೆ ಫೋಕಸ್. ನಿನಗೆ ಇದೆಲ್ಲ ಗೊತ್ತು. ಆದರೆ ಇದು ಲೆನ್ಸಿನ ಮೂಲಕ ನೋಡುವ ಯಂತ್ರವಲ್ಲ, ಪಕ್ಕದ ಕಿಟಕಿಯಿಂದ ಇಣುಕುವ ಯಂತ್ರ. ಆ ವ್ಯತ್ಯಾಸಕ್ಕೆ ನಾನು ತೆತ್ತ ಬೆಲೆ ನಿನಗೆ ಗೊತ್ತಿಲ್ಲ.

1986ರಲ್ಲಿ ಬೇರೆ ಅಂಗಡಿ ಇಡಬೇಕೆಂದು ಹಟ ಬಂತು. ಗಲ್ಫಿನಿಂದ ಬಂದವರೊಬ್ಬರು ಯಾಶಿಕಾ ಎಲೆಕ್ಟ್ರೊ 35 ಮಾರುತ್ತಿದ್ದರು. 45 ಮಿ.ಮೀ. ಲೆನ್ಸ್, ಎಫ್ 1.7, ರೇಂಜ್‌ಫೈಂಡರ್. ಎರಡು ಸಾವಿರದ ಇನ್ನೂರು ಕೇಳಿದರು, ನನ್ನಲ್ಲಿ ಇನ್ನೂರು ಇತ್ತು. ನಿಮ್ಮಜ್ಜಿ ಮಾತಾಡದೆ ದೇವರ ಮನೆಗೆ ಹೋಗಿ, ಕೈಗೆ ಸೋಪು ಹಚ್ಚಿಕೊಂಡು ಎರಡು ಬಳೆ ತೆಗೆದು ತಂದಳು. ಅಡವಿಟ್ಟೆ. ವರ್ಷದಲ್ಲಿ ಬಿಡಿಸಿಕೊಡುತ್ತೇನೆ ಅಂದಿದ್ದೆ.

ಮರುವರ್ಷ ನಂಜನಗೂಡಿನ ಛತ್ರವೊಂದರಲ್ಲಿ ಮದುವೆ. ಅದೇ ಕ್ಯಾಮೆರಾ. ಬೆಳಗಿನ ಕಾಶೀಯಾತ್ರೆ ತೆಗೆದೆ, ಚೆನ್ನಾಗಿ ಬಂತು. ಮುಹೂರ್ತಕ್ಕೆ ಮುಂಚೆ ಹೋಮದ ಹೊಗೆ ಬಡಿಯುತ್ತದೆಂದು ಲೆನ್ಸಿಗೆ ಮುಚ್ಚಳ ಹಾಕಿದೆ. ಗಟ್ಟಿಮೇಳ ಶುರುವಾಯಿತು. ಕಿಟಕಿಯಲ್ಲಿ ಎಲ್ಲವೂ ಸ್ಪಷ್ಟ: ವರನ ಬೆರಳು, ಅರಿಶಿನದ ದಾರ, ಹುಡುಗಿಯ ಬಗ್ಗಿದ ಕತ್ತು. ಚೌಕದಲ್ಲಿ ಎರಡು ತಾಳಿ ಒಂದಾಗುವವರೆಗೆ ಉಂಗುರ ತಿರುಗಿಸಿ ಒತ್ತಿದೆ. ಹನ್ನೊಂದು ಸಲ ಒತ್ತಿದೆ. ಎಚ್ಚರಿಕೆಯ ದೀಪವೂ ಮಿನುಗಲಿಲ್ಲ, ಯಾಕೆಂದರೆ ಆ ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಕಣ್ಣು ಲೆನ್ಸಿನ ಒಳಗಿಲ್ಲ, ಮೇಲೆ ಬೇರೆ ಇದೆ. ರಾತ್ರಿ ರೋಲ್ ತೊಳೆದು ದೀಪಕ್ಕೆ ಹಿಡಿದಾಗ ಹನ್ನೊಂದು ಚೌಕ ಬೋಳು ಗಾಜಿನ ಹಾಗೆ ಹೊಳೆಯುತ್ತಿದ್ದವು. ಹುಡುಗಿಯ ತಂದೆ ಬೈದಿದ್ದರೆ ಚೆನ್ನಾಗಿತ್ತು. "ಹೋಗಲಿ ಬಿಡಪ್ಪ, ತಾಳಿ ಕಟ್ಟಿದ್ದಂತೂ ಆಗಿದೆಯಲ್ಲ" ಅಂದರು. ಮುಂಗಡ ವಾಪಸು ಕೊಟ್ಟೆ. ಬಳೆಗೆಂದು ಎತ್ತಿಟ್ಟಿದ್ದ ದುಡ್ಡು ಅದೇ.

ಇಷ್ಟಾದರೂ ಈ ಜಾತಿಯ ಕ್ಯಾಮೆರಾ ಮೇಲಿನ ಮೋಹ ಹೋಗಲಿಲ್ಲ. 1991ರಲ್ಲಿ ಕೊಡಗಿನ ಕಾಫಿ ತೋಟದ ಹಿರಿಯರೊಬ್ಬರು ಲೈಕಾ ಎಂ3 ತಂದು, "ಲೆನ್ಸಿಗೆ ಬೂಷ್ಟು ಹಿಡಿದಿದೆಯಾ ನೋಡಿಡು, ಮುಂದಿನ ವಾರ ಬರುತ್ತೇನೆ" ಎಂದು ಬಿಟ್ಟುಹೋದರು. 1954ರಲ್ಲಿ ಬಂದ ಮಾದರಿ, ನನಗಿಂತ ಹಿರಿಯದು. ಒಂದು ರೋಲ್ ಹಾಕಿಕೊಂಡು ದೇವರಾಜ ಮಾರುಕಟ್ಟೆಗೆ ಹೋದೆ. ಅವರಿಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಅದರ ಕಿಟಕಿಯಲ್ಲಿ ಜಗತ್ತು 0.91 ಪಟ್ಟು, ಹೆಚ್ಚುಕಡಿಮೆ ನಿಜದ ಗಾತ್ರ. ಎರಡೂ ಕಣ್ಣು ತೆರೆದೇ ಇಟ್ಟುಕೊಂಡರೆ ಮಾರುಕಟ್ಟೆಯ ಮೇಲೆ ಯಾರೋ ಬೆಳಕಿನ ಚೌಕಟ್ಟು ಎಳೆದು ಹೋದಂತೆ ಕಾಣುತ್ತದೆ. ಹೂವಿನ ಸಾಲಿನಲ್ಲಿ ಮಲ್ಲಿಗೆ ಅಳೆಯುತ್ತಿದ್ದ ಹೆಂಗಸಿನ ಮೇಲೆ ಚೌಕಟ್ಟು ನಿಲ್ಲಿಸಿದ್ದೆ. ಎಡಗಡೆಯಿಂದ, ಇನ್ನೂ ಚೌಕಟ್ಟಿನ ಆಚೆಯಿಂದಲೇ, ಒಂದು ಮಗು ಕನಕಾಂಬರದ ದಂಡೆ ಹಿಡಿದು ಓಡಿಬರುವುದು ಕಾಣಿಸಿತು. ಕಾದೆ. ಗೆರೆ ದಾಟಿ ಅದು ಅವಳ ತೊಡೆಗೆ ಬಿದ್ದ ಗಳಿಗೆಯಲ್ಲಿ ಒತ್ತಿದೆ. ಲೆನ್ಸಿನ ಮೂಲಕ ನೋಡುವ ಕ್ಯಾಮೆರಾದ ಹಾಗೆ ಕನ್ನಡಿ ಏಳುವುದು ಬೀಳುವುದು ಇಲ್ಲ, ಕತ್ತಲೆಯಿಲ್ಲ, ಬಟ್ಟೆಯ ಶಟರಿನ ಒಂದು ಪಿಸುಮಾತು ಅಷ್ಟೆ. ಹೆಂಗಸು ತಲೆಯೆತ್ತಲೂ ಇಲ್ಲ.

ನಿನ್ನ ಆಸೆಯ ಬುಡ ಎಲ್ಲಿದೆ ಅಂತ ನನಗೆ ಗೊತ್ತು ಅನ್ನುವುದಕ್ಕೆ ಇದನ್ನು ಹೇಳಿದೆ. ಎಂಟನೆಯ ದಿನ ಆ ಹಿರಿಯರು ಬಂದು ಕ್ಯಾಮೆರಾ ಒಯ್ದರು. ಆ ವಾರವೆಲ್ಲ ಅನ್ನ ಸೇರಲಿಲ್ಲ.

ಈಗ ನಿನ್ನ ಡಿಜಿಟಲ್ ವಿಷಯ. ಬೇಗ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ಪ್ರೀತಿಸುವಂಥದ್ದು ನನಗೆ ಹೆಚ್ಚು ಕಾಣುವುದಿಲ್ಲ. ಡಿಜಿಟಲ್ ರೇಂಜ್‌ಫೈಂಡರುಗಳಲ್ಲಿ ಮೊದಲು ಬಂದದ್ದು ಎಪ್ಸನ್ ಆರ್‌ಡಿ1, 2004ರಲ್ಲಿ, 6 ಮೆಗಾಪಿಕ್ಸೆಲ್. ಫಿಲ್ಮೇ ಇಲ್ಲದಿದ್ದರೂ ಶಟರ್ ಎಳೆಯಲು ಲಿವರ್ ಇಟ್ಟಿದ್ದರು, ಅದೊಂದು ನನಗೆ ಇಷ್ಟ. 2006ರ ಲೈಕಾ ಎಂ8ರಲ್ಲಿ ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಯಾಗಿ ಬರುತ್ತಿತ್ತು, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಸೆನ್ಸರಿಗೆ ತಾಗುತ್ತಿದ್ದುದರಿಂದ. ಲೆನ್ಸಿಗೆ ಫಿಲ್ಟರ್ ಹಾಕಿಕೊಳ್ಳಿ ಎಂದು ಕಂಪನಿಯೇ ಕೊಟ್ಟಿತು. 2009ರ ಎಂ9ರಲ್ಲಿ ಸೆನ್ಸರಿನ ಮೇಲಿನ ಗಾಜು ಕ್ರಮೇಣ ಕೆಟ್ಟು ಚಿತ್ರದಲ್ಲಿ ಕಲೆ ಬೀಳತೊಡಗಿತು, ಸೆನ್ಸರನ್ನೇ ಬದಲಿಸಿಕೊಡಬೇಕಾಯಿತು. 2022ರ ಎಂ11 ಒಳ್ಳೆಯ ಯಂತ್ರವೇ, 60 ಮೆಗಾಪಿಕ್ಸೆಲ್. ಬಂದಾಗ ಅಮೆರಿಕದಲ್ಲಿ 8,995 ಡಾಲರ್, ಅದು ಬರೀ ಬಾಡಿಯ ಬೆಲೆ. ಲೆನ್ಸ್ ಬೇರೆ. 2025ರಲ್ಲಿ ಅದೇ ಕಂಪನಿ ರೇಂಜ್‌ಫೈಂಡರನ್ನೇ ಕಿತ್ತು ಎಲೆಕ್ಟ್ರಾನಿಕ್ ಕಿಟಕಿ ಇಟ್ಟ ಎಂ ಕ್ಯಾಮೆರಾ ತಂದಿದೆ. ಇನ್ನು ನೀನು ಆಗಾಗ ಹೆಸರೆತ್ತುವ ಫ್ಯೂಜಿ ಎಕ್ಸ್100 ನೋಡಲು ಮಾತ್ರ ಆ ಥರ, ಒಳಗೆ ರೇಂಜ್‌ಫೈಂಡರ್ ಇಲ್ಲ. ವೇಷ ಹಾಕಿದವರೆಲ್ಲ ಪಾತ್ರಧಾರಿಗಳಲ್ಲ.

ಎಂ3 ಹುಟ್ಟಿ ಎಪ್ಪತ್ತು ವರ್ಷ ದಾಟಿತು. ಎಣ್ಣೆ ಹಾಕಿದರೆ ಇವತ್ತೂ ನಡೆಯುತ್ತದೆ. ಅದರ ಲೆನ್ಸನ್ನು ಇವತ್ತಿನ ಎಂ11ಕ್ಕೂ ಕೂರಿಸಬಹುದು, ಮೌಂಟ್ ಬದಲಾಗಿಲ್ಲ. ಲೆನ್ಸ್ ಆಸ್ತಿ. ಡಿಜಿಟಲ್ ಬಾಡಿ ಮೊಬೈಲಿನ ಅಣ್ಣ, ಅದರ ಸೆನ್ಸರಿಗೂ ಬ್ಯಾಟರಿಗೂ ಆಯಸ್ಸು ಎಣಿಸಿಟ್ಟಿರುತ್ತದೆ. ಕಂತು ತೀರುವುದರೊಳಗೆ ಮುಂದಿನದು ಬಂದಿರುತ್ತದೆ, ಆಗ ನೀನು ಅದರ ವಿಡಿಯೋ ನೋಡುತ್ತಾ ಕೂತಿರುತ್ತೀಯ. ಚೌಕದ ಫೋಕಸ್ 70 ಸೆಂಟಿಮೀಟರಿಗಿಂತ ಹತ್ತಿರಕ್ಕೆ ಬಾರದು. ದೂರದ್ದೂ ಅಷ್ಟೆ, ರಂಗನತಿಟ್ಟಿಗೆ ಹೋದರೆ ಕೊಕ್ಕರೆ ಸಾಸಿವೆಯಷ್ಟಾಗುತ್ತದೆ. ಒಮ್ಮೆ ಜೋರಾಗಿ ತಗುಲಿತೆಂದರೆ ಬಿಂಬ ಕೂಡುವುದು ತಪ್ಪುತ್ತದೆ, ಸರಿಮಾಡಬಲ್ಲ ಕೈ ಎಲ್ಲ ಊರಲ್ಲೂ ಇಲ್ಲ.

ತಕ್ಕಡಿ ಒಂದೇ ಕಡೆ ವಾಲುತ್ತಿದೆ ಅನ್ನುತ್ತೀಯ. ವಾಲಲಿ.

ಒಂದು ಕೇಳುತ್ತೇನೆ. ಯುಗಾದಿಗೆ ಇಲ್ಲಿಗೆ ಬಂದಿದ್ದೆಯಲ್ಲ, ನಿನ್ನ ಅತ್ತೆ ಅಡುಗೆಮನೆ ಕಿಟಕಿ ಪಕ್ಕ ಕೂತು ಒಬ್ಬಟ್ಟು ತಟ್ಟುತ್ತಿದ್ದಳು. ಮೊಣಕೈವರೆಗೆ ಎಣ್ಣೆ, ಬಾಳೆಲೆಯ ಮೇಲೆ ಕಣಕದ ವೃತ್ತ, ಹಿತ್ತಲಿನ ಬೆಳಕು ಅಡ್ಡಡ್ಡ ಬಿದ್ದಿತ್ತು. ನಲವತ್ತು ವರ್ಷ ಫೋಟೋ ತೆಗೆದವನು ಹೇಳುತ್ತಿದ್ದೇನೆ, ಅಂಥ ಬೆಳಕು ವರ್ಷಕ್ಕೆ ಎರಡು ಸಲ ಸಿಕ್ಕರೆ ಪುಣ್ಯ. ನೀನು ಮೂರು ಮಾರು ದೂರದಲ್ಲಿ ಕೂತು ಮೊಬೈಲಿನಲ್ಲಿ ಎರಡು ಲೆನ್ಸುಗಳ ಹೋಲಿಕೆ ನೋಡುತ್ತಿದ್ದೆ! ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಕಳೆದ ವರ್ಷ ಎಷ್ಟು ಚಿತ್ರ ಪ್ರಿಂಟ್ ಹಾಕಿಸಿದೆ? ಒಂದು? ಬೇಡ, ಉತ್ತರ ಹೇಳಬೇಡ. ಛಾಯಾಗ್ರಾಹಕ ಟಿ. ಎಸ್. ಸತ್ಯನ್ ನಮ್ಮೂರಿನವರೇ. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಚಿತ್ರಗಳನ್ನು ಎಷ್ಟು ಸಲ ನೋಡಿದ್ದೇನೋ, ಯಾವ ಕ್ಯಾಮೆರಾ ಎಂದು ಕೇಳಬೇಕೆಂದು ಒಮ್ಮೆಯೂ ಹೊಳೆದಿಲ್ಲ. ನೀನು ಮೊದಲು ಅದನ್ನೇ ಕೇಳುತ್ತೀಯ.

ಜಾಸ್ತಿ ಅಂದೆ. ಬಿಡು.

ನಿಮ್ಮ ಮನೆ ಹಜಾರದಲ್ಲಿ ನಿಮ್ಮಪ್ಪ ಅಮ್ಮನ ಮದುವೆ ಫೋಟೋ ಇದೆಯಲ್ಲ, ಇವತ್ತು ಸಂಜೆ ಅದನ್ನು ಕೆಳಗಿಳಿಸಿ ನೋಡು. 1988ರದ್ದು, ನಾನೇ ತೆಗೆದದ್ದು, ಅದೇ ಯಾಶಿಕಾದಲ್ಲಿ. ಎಡಗಡೆ ನಿಮ್ಮಜ್ಜಿ ನಿಂತಿದ್ದಾಳೆ. ಸೆರಗಿನ ತುದಿಯನ್ನು ಬಲ ಮಣಿಕಟ್ಟಿನ ಮೇಲೆ ಎಳೆದುಕೊಂಡಿದ್ದಾಳೆ. ಎಡಗೈ ಮರೆತಿದ್ದಾಳೆ. ಅದರಲ್ಲಿ ಬರೀ ಹಸಿರು ಗಾಜಿನ ಬಳೆ. ಒಬ್ಬಳೇ ಮಗಳ ಮದುವೆಗೆ ಅವಳು ಹಾಗೆ ನಿಂತಿದ್ದಳು. ಫೋಕಸ್ ಎಷ್ಟು ನಿಖರವಾಗಿದೆಯೆಂದರೆ ಗಾಜಿನ ಮೇಲಿನ ಚುಕ್ಕಿ ಎಣಿಸಬಹುದು. ಬಳೆ ಬಿಡಿಸಿದ್ದು ಅದರ ಮುಂದಿನ ವರ್ಷ. ನಿಮ್ಮಮ್ಮನಿಗೆ ಇದೆಲ್ಲ ಗೊತ್ತು, ಒಂದು ದಿನವೂ ಎತ್ತಿ ಆಡಿಲ್ಲ. ಮೊನ್ನೆ ಫೋನಿನಲ್ಲೂ ಆಡಲಿಲ್ಲ. ಆದರೆ "ಕಂತು" ಅನ್ನುವಾಗ ಅವಳ ದನಿ ಸ್ವಲ್ಪ ನಡುಗಿತು.

ನಿನಗೆ ಅಡವಿಡಲು ಬಳೆ ಬೇಕಿಲ್ಲ, ಬೆರಳು ಒತ್ತಿದರೆ ಸಾಲ ಬರುತ್ತದೆ. ನನಗೆ ಭಯ ಅದರದ್ದೇ.

ಹೀಗೆ ಮಾಡು. ನಿನ್ನ ಹತ್ತಿರ ಈಗಲೇ ಫುಲ್‌ಫ್ರೇಮ್ ಕ್ಯಾಮೆರಾ ಇದೆ, 35 ಮಿ.ಮೀ. ಲೆನ್ಸ್ ಇದೆ. ಆಟೋಫೋಕಸ್ ಆರಿಸು. ಎಫ್ 8ಕ್ಕೆ ಇಟ್ಟು ಫೋಕಸನ್ನು 3 ಮೀಟರಿಗೆ ನಿಲ್ಲಿಸು. ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ, ಅಂದರೆ ಒಂದು ಮಾರಿನಿಂದ ನಾಲ್ಕು ಮಾರಿನ ಒಳಗೆ ಬಂದದ್ದೆಲ್ಲ ಕಣ್ಣಿಗೆ ಒಪ್ಪುವಷ್ಟು ಸ್ಪಷ್ಟವಾಗಿ ಬೀಳುತ್ತದೆ. ಆಮೇಲೆ ಬೀದಿಗೆ ಹೋಗು. ಒಂದು ವರ್ಷ. ಆಮೇಲೂ ಆ ಎರಡು ಕಿಟಕಿಯ ಯಂತ್ರವೇ ಬೇಕೆನಿಸಿದರೆ, ಕೈಯಲ್ಲಿ ದುಡ್ಡಿದ್ದರೆ, ನಾನೇ ಜೊತೆಗೆ ಬರುತ್ತೇನೆ. ಹಳೆಯದನ್ನು ನೋಡೋಣ, ಹೊಸದು ಬೇಡ.

ಯಾಶಿಕಾ ಬೀರುವಿನಲ್ಲಿದೆ, ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಅದರ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲ. ಸ್ಪ್ರಿಂಗ್ ಇಟ್ಟು ಬೇರೆಯದನ್ನು ಕೂರಿಸಿದ್ದೇನೆ, ನಡೆಯುತ್ತದೆ. ಲೆನ್ಸಿನ ಮುಚ್ಚಳವನ್ನು ಎಂದೋ ಬಿಸಾಡಿದೆ. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಚಿಕ್ಕ ಗಡಿಯಾರದ ಹತ್ತಿರ ಬಾ, ಹೂವಿನ ಮಾರುಕಟ್ಟೆಗೆ ಹೋಗೋಣ. ಬರುವಾಗ ಬೆಂಗಳೂರಿನಿಂದ ಎರಡು ರೋಲ್ ಕಪ್ಪು-ಬಿಳುಪು ಫಿಲ್ಮ್ ತಾ. ನಮ್ಮ ಬೀದಿಯಲ್ಲಿ ಅದನ್ನು ಮಾರುವ ಅಂಗಡಿ ಒಂದೂ ಉಳಿದಿಲ್ಲ.

ಇಂತಿ ನಿನ್ನ ಮಾವ