ಪತ್ರಿಕೆಯವರು ಸಂಘಕ್ಕೆ ಬಂದಾಗ



ನಮ್ಮ ಸಂಘದ ಸುದ್ದಿ ಊರಿನ ಪತ್ರಿಕೆಯಲ್ಲಿ ಬಂದರೆ ಸಂತೋಷವೇ. ಆದರೆ ಅದನ್ನು ಓದುವವರು ನಮ್ಮ ಅಕ್ಕಪಕ್ಕದವರೇ. "ಇವಳ ಗಂಡ ಕುಡೀತಿದ್ದ, ಸಂಘದ ಸಾಲದಿಂದ ಮನೆ ಉಳೀತು" ಅಂತ ಪ್ರೀತಿಯಿಂದ ಹೇಳಿದ ಮಾತೂ ಅಚ್ಚಾದರೆ, ಮರುದಿನ ಅವಳಿಗೆ ಹಾಲಿನ ಡೈರಿಗೆ ಹೋಗೋದೂ ಕಷ್ಟ.

1. ಯಾರು ಮಾತಾಡಬೇಕು, ಏನು ಹೇಳಬೇಕು ಎಂದು ಸಭೆಯಲ್ಲಿ ಮೊದಲೇ ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ.

2. ಲೆಕ್ಕದ ಪುಸ್ತಕ ಎದುರಿಗಿರಲಿ. ಉಳಿತಾಯ, ಸಾಲ, ಮರುಪಾವತಿಯನ್ನು ಅಂದಾಜಿನಲ್ಲಿ ಹೇಳಬೇಡಿ. ಗೊತ್ತಿಲ್ಲದಿದ್ದರೆ "ನೋಡಿ ಹೇಳ್ತೇವೆ" ಅನ್ನಿ.

3. ಸದಸ್ಯೆಯ ಸಾಲ, ಕಾಯಿಲೆ, ಮನೆಯ ಜಗಳ ಅವಳ ಒಪ್ಪಿಗೆಯಿಲ್ಲದೆ ಹೇಳಬೇಡಿ. ಫೋಟೋಗೂ ಇದೇ ನಿಯಮ.

4. ಗುಟ್ಟು ಹೇಳಿ ಆಮೇಲೆ "ಇದನ್ನು ಬರೀಬೇಡಿ" ಅನ್ನುವುದಕ್ಕಿಂತ ಹೇಳದಿರುವುದೇ ಮೇಲು.

5. ತಪ್ಪು ಅಚ್ಚಾದರೆ ಸಂಪಾದಕರಿಗೆ ಪತ್ರ ಬರೆದು ತಿದ್ದುಪಡಿ ಕೇಳಿ. ಪತ್ರದ ಒಂದು ಪ್ರತಿ ಸಂಘದಲ್ಲಿರಲಿ. ಅವರು ಸ್ಪಂದಿಸದಿದ್ದರೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಸುದ್ದಿ ಪ್ರಕಟವಾದ 2 ತಿಂಗಳೊಳಗೆ ದೂರು ತಲುಪಬೇಕು.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದ ಯಾವ ಮಾತು ಊರಿಗೆಲ್ಲ ತಿಳಿಯಬೇಕು? ಯಾವುದು ನಮ್ಮೊಳಗೇ ಇರಬೇಕು?