ವಿಶ್ರಾಂತಿ ಪಾದಕ್ಕೆ, ಹೃದಯಕ್ಕಲ್ಲ

ಪ್ರಶ್ನೆ: ನನಗೆ 46 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುವುದು ರೂಢಿ. ಹೋದ ವಾರ ಮೆಟ್ಟಿಲಿಳಿಯುವಾಗ ಪಾದ ಹೊರಳಿ, ಕಿರುಬೆರಳಿನ ಕಡೆಯ ಮೂಳೆ ಬಿರುಕು ಬಿಟ್ಟಿದೆ. ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಹಾಕಿದ್ದಾರೆ. ಆರು ವಾರ ಆ ಕಾಲು ಊರಬಾರದಂತೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮನೆಯವರು ಹಾಸಿಗೆ ಬಿಟ್ಟು ಏಳಲೇಬೇಡ ಎನ್ನುತ್ತಾರೆ. ಇಷ್ಟು ವರ್ಷ ಗಳಿಸಿದ ತ್ರಾಣವೆಲ್ಲ ಕರಗಿ, ತೂಕವೂ ಬಿಪಿಯೂ ಏರೀತೆಂಬ ಚಿಂತೆ. ಮನೆಯಲ್ಲೇ ಏನಾದರೂ ಮಾಡಬಹುದೇ?
– ಹೆಸರು ಬೇಡ, ಹಾಸನ

ಉತ್ತರ: ಮಾಡಬಹುದು, ಮಾಡುವುದೇ ಒಳ್ಳೆಯದು. ವೈದ್ಯರು ವಿಶ್ರಾಂತಿ ಹೇಳಿರುವುದು ಪಾದಕ್ಕೆ. ಮನೆಯವರು ಅದನ್ನು ಇಡೀ ಮೈಗೆ ಹಬ್ಬಿಸಿದ್ದಾರೆ. ಅವರದು ಅಕ್ಕರೆ, ಸರಿ. ಆದರೆ ನಿಮ್ಮ ಭಯದಲ್ಲೂ ಹುರುಳಿದೆ. ಪೂರ್ತಿ ಮಲಗಿಬಿಟ್ಟರೆ ಕೆಲವೇ ದಿನಗಳಲ್ಲಿ ರಕ್ತದ ದ್ರವಾಂಶ ಇಳಿಯತೊಡಗುತ್ತದೆ, ಎರಡು-ಮೂರು ವಾರಗಳಲ್ಲಿ ಸಣ್ಣ ಕೆಲಸಕ್ಕೂ ಏದುಸಿರು ಬರುತ್ತದೆ.

ಹೃದಯ ಚುರುಕಾಗಲು ನಡಿಗೆಯೇ ಆಗಬೇಕೆಂದಿಲ್ಲ. ದೊಡ್ಡ ಸ್ನಾಯುಗಳು ದುಡಿದು ಆಮ್ಲಜನಕ ಕೇಳಿದರೆ ಸಾಕು. ಈಗ ಆ ಕೆಲಸವನ್ನು ತೋಳು, ಭುಜ, ಬೆನ್ನುಗಳಿಗೆ ವಹಿಸಿ. ನಿಮ್ಮ ಮೂಳೆ ತಜ್ಞರಿಗೂ ಬಿಪಿ ನೋಡುವ ವೈದ್ಯರಿಗೂ ಒಂದು ಮಾತು ತಿಳಿಸಿ ಶುರುಮಾಡಿ.

ಗಾಲಿಯಿಲ್ಲದ, ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ದಿಂಬಿಟ್ಟು ಚಾಚಿ. ಐದು ನಿಮಿಷ ಭುಜ ತಿರುಗಿಸಿ ಮೈ ಬೆಚ್ಚಗಾಗಿಸಿಕೊಳ್ಳಿ. ಆಮೇಲೆ ಗಾಳಿಗೆ ಗುದ್ದುವಂತೆ ಎಡಗೈ-ಬಲಗೈ ಬೀಸಿ. ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಹುಟ್ಟು ಹಾಕಿದಂತೆ ಹಿಂದಕ್ಕೆ ಎಳೆಯಿರಿ. ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು ಕೈ ಮಡಚಿ ಬಿಡಿಸಿ. ತೋಳಿನ ಸ್ನಾಯು ಕಾಲಿನದಕ್ಕಿಂತ ಚಿಕ್ಕದು, ಉಸಿರು ಹತ್ತುವ ಮೊದಲೇ ಕೈ ಸೋಲುತ್ತದೆ. ಹಾಗಾಗಿ ಒಂದು ನಿಮಿಷ ಕೆಲಸ, ಒಂದು ನಿಮಿಷ ಬಿಡುವು ಎಂದು ಹತ್ತು ಸುತ್ತು ಮಾಡಿ. ವಾರ ಕಳೆದಂತೆ ಬಿಡುವನ್ನು ಅರ್ಧ ನಿಮಿಷಕ್ಕೆ ಇಳಿಸಿ.

ಮಂಚದ ಮೇಲೂ ಕೆಲಸವಿದೆ. ಅಂಗಾತ ಮಲಗಿ ಒಳ್ಳೆಯ ಕಾಲನ್ನು ಮಡಚಿ ಊರಿ ಸೊಂಟ ಎತ್ತಿ, ಇಳಿಸಿ. ವೈದ್ಯರು ಒಪ್ಪಿದರೆ ಪ್ಲಾಸ್ಟರ್ ಕಾಲನ್ನೂ ನೇರವಾಗಿ ಎತ್ತಬಹುದು, ತೊಡೆಯ ಸ್ನಾಯು ಸೊರಗುವುದಿಲ್ಲ. ಒಳ್ಳೆಯ ಕಾಲಿನ ವ್ಯಾಯಾಮ ಬಿಡಬೇಡಿ. ಅದರ ಬಲವರ್ಧನೆಯ ಒಂದಿಷ್ಟು ಲಾಭ ನರಮಂಡಲದ ಮೂಲಕ ಇನ್ನೊಂದು ಕಾಲಿಗೂ ದಕ್ಕುತ್ತದೆ. ಆದರೆ ಒಂಟಿ ಕಾಲಲ್ಲಿ ಕುಪ್ಪಳಿಸುವ ಸಾಹಸ ಖಂಡಿತ ಬೇಡ.

ಎಷ್ಟು ಜೋರಾಗಿ ಮಾಡಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಅಳತೆ. ಬಿಪಿಯ ಕೆಲವು ಮಾತ್ರೆಗಳು ನಾಡಿಬಡಿತವನ್ನು ಏರಗೊಡುವುದಿಲ್ಲ. ಆದ್ದರಿಂದ ವಾಚು ತೋರಿಸುವ ಅಂಕಿ ನೆಚ್ಚಬೇಡಿ. ತೋಳಿನ ವ್ಯಾಯಾಮದಲ್ಲಿ ಬಿಪಿ ಕಾಲಿನದಕ್ಕಿಂತ ಹೆಚ್ಚು ಏರುತ್ತದೆ. ಉಸಿರು ಬಿಗಿಹಿಡಿಯಬೇಡಿ, ಕೈಗಳನ್ನು ತಲೆಯ ಮೇಲೆ ಬಹಳ ಹೊತ್ತು ನಿಲ್ಲಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುತ್ತದೆ. ದಿನಕ್ಕೆ ಹತ್ತು ಹತ್ತು ನಿಮಿಷದಂತೆ ಮೂರು ಸಲ, ವಾರಕ್ಕೆ ಐದು ದಿನ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಮೊದಲ ವಾರ ಅದರ ಅರ್ಧ ಸಾಕು.

ತೂಕದ ಭಯಕ್ಕೆ ಊಟ ಬಿಡಬೇಡಿ, ಮೂಳೆ ಕೂಡಲು ಪೋಷಣೆ ಬೇಕು. ಮುದ್ದೆ, ಬೇಳೆ, ಮೊಳಕೆಕಾಳು, ಮೊಸರು, ಒಗ್ಗಿದರೆ ಮೊಟ್ಟೆ ಇರಲಿ. ಸಂಜೆಯ ಬೋಂಡ, ಬಿಸ್ಕತ್ತು ಕೈಬಿಡಿ.

ಮೀನಖಂಡ ಬಿಗಿದು ನೋವು ಬಂದರೆ, ಬೆರಳುಗಳು ಊದಿ, ಮರಗಟ್ಟಿ, ನೀಲಿಯಾದರೆ ತಡಮಾಡದೆ ವೈದ್ಯರನ್ನು ಕಾಣಿ. ಎದೆನೋವು ಅಥವಾ ಹಠಾತ್ ಉಸಿರಾಟದ ತೊಂದರೆ ಬಂದರೆ ಕೂಡಲೇ ತುರ್ತು ಚಿಕಿತ್ಸೆಗೆ ಹೋಗಿ. ಅಲುಗದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇರುತ್ತದೆ.

ಪ್ಲಾಸ್ಟರ್ ತೆಗೆದ ಮರುದಿನವೇ ಹಳೆಯ ನಡಿಗೆಗೆ ಹೊರಡಬೇಡಿ. ಎಕ್ಸ್‌ರೇ ನೋಡಿ ವೈದ್ಯರು ಒಪ್ಪಿದ ಮೇಲೆ ನಿಂತ ಸೈಕಲ್ ಹಗುರವಾಗಿ ತುಳಿಯಿರಿ, ಆಮೇಲೆ ಸಮತಟ್ಟು ನೆಲದಲ್ಲಿ ಐದು-ಹತ್ತು ನಿಮಿಷ ನಡೆಯಿರಿ. ಆರು ವಾರಗಳಲ್ಲಿ ತುಸು ತ್ರಾಣ ಇಳಿದರೂ ನಿಯಮಿತ ಅಭ್ಯಾಸದಿಂದ ಅದು ಮರಳಿ ಬರುತ್ತದೆ. ಅವಸರಕ್ಕೆ ಮೂಳೆ ಮತ್ತೆ ಬಿರುಕು ಬಿಟ್ಟರೆ ಮಾತ್ರ ಇನ್ನಷ್ಟು ವಾರ ಕುರ್ಚಿಯೇ ಗತಿ.