ಆರು ತಂತಿ, ಮೂರು ನುಡಿ: ಒಂದು ಚಿತ್ರಗೀತೆಯ ಪಾಠ

ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಇಲ್ಲಿಯೂ ನೆರೆಯ ಅಕ್ಕಲಕೋಟ ತಾಲೂಕಿನಲ್ಲಿಯೂ ಅನೇಕರಿಗೆ ಕನ್ನಡ ಮನೆಯ ಮಾತು, ಮರಾಠಿ ಪೇಟೆ-ಕಚೇರಿಗಳ ಮಾತು, ಹಿಂದಿ ಹಾಡಿನ ಮಾತು. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ತನಗೆ ಮೂರು ನುಡಿಗಳೂ ಅರೆಬರೆ ಎಂಬ ಅಳುಕು ಸಹಜ. ತನ್ನ ಲಿಪಿ ಪರೀಕ್ಷೆಯ ಉತ್ತರಪತ್ರಿಕೆಯಾಚೆ ಯಾವ ಕೆಲಸಕ್ಕೂ ಬಾರದೆಂಬ ಶಂಕೆಯೂ ಅದರೊಡನೆ ಬೆಳೆಯುತ್ತದೆ. ಗಿಟಾರಿನಲ್ಲಿ ಹಳೆಯ ಹಿಂದಿ ಪ್ರೇಮಗೀತೆಯೊಂದನ್ನು ಕಲಿಯಹೊರಟರೆ ಈ ಶಂಕೆ ಎಷ್ಟು ನಿಜವೆಂಬುದನ್ನು ಪರೀಕ್ಷಿಸಿ ನೋಡಬಹುದು.

1973ರ 'ಯಾದೋಂ ಕಿ ಬಾರಾತ್' ಚಿತ್ರದ 'ಚುರಾ ಲಿಯಾ ಹೈ' ಗೀತೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಂಗೀತ ಆರ್.ಡಿ. ಬರ್ಮನ್ ಅವರದು, ಸಾಹಿತ್ಯ ಮಜ್ರೂಹ್ ಸುಲ್ತಾನ್‌ಪುರಿ ಅವರದು, ಹಾಡಿದವರು ಆಶಾ ಭೋಸ್ಲೆ ಮತ್ತು ಮೊಹಮ್ಮದ್ ರಫಿ. ಆರಂಭದಲ್ಲಿ ಕೇಳುವ ಗಾಜಿನ ಕಿಣಿಕಿಣಿ ಲೋಟಕ್ಕೆ ಚಮಚ ತಾಕಿಸಿ ಹುಟ್ಟಿಸಿದ ನಾದ. ಅದರೊಡನೆ ಬರುವ ಗಿಟಾರನ್ನು ನುಡಿಸಿದವರು ಮುಂದೆ ಗಜಲ್ ಗಾಯಕರಾಗಿ ಹೆಸರಾದ ಭೂಪಿಂದರ್ ಸಿಂಗ್. ಮಜ್ರೂಹ್ ಮೂಲತಃ ಗಜಲ್ ಕವಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಚಿತ್ರಗೀತೆಕಾರ.

ಮೊದಲು ಅರ್ಥವನ್ನು ನೋಡೋಣ. ಈ ಗೀತೆಯ ಚಮತ್ಕಾರವೆಲ್ಲ 'ಚುರಾನಾ' ಎಂಬ ಒಂದೇ ಕ್ರಿಯಾಪದದಲ್ಲಿದೆ. ಹಿಂದಿಯಲ್ಲಿ ಹೃದಯವನ್ನೂ ಕದಿಯಬಹುದು, ನೋಟವನ್ನೂ ಕದಿಯಬಹುದು. ಮೊದಲನೆಯದು ಒಲಿಸಿಕೊಳ್ಳುವುದು, ಎರಡನೆಯದು ಮುಖ ತಪ್ಪಿಸುವುದು. ಮರಾಠಿಯಲ್ಲಿ ಎರಡನೆಯದಕ್ಕೆ 'ನಜರ್ ಚುಕವಣೆ' ಎನ್ನುತ್ತಾರೆ. ಕನ್ನಡದಲ್ಲಿ 'ಕಣ್ಣು ತಪ್ಪಿಸುವುದು'. ಇಲ್ಲಿ ಕನ್ನಡ-ಮರಾಠಿಗಳೆರಡೂ ಒಂದೇ ದಾರಿ ಹಿಡಿದಿವೆ. ಆದ್ದರಿಂದ ಶಬ್ದಶಃ ಅನುವಾದಿಸಿದರೆ ಮೂಲದ ಶ್ಲೇಷೆ ಉಳಿಯದು. ಹಾಗೆಂದು ತಪ್ಪಿಸಿಕೊಳ್ಳುವುದನ್ನು ಕಳವೆಂದು ಕಾಣುವ ಬಗೆ ನಮಗೆ ಹೊಸದಲ್ಲ. ದುಡಿಮೆಗೆ ಹಿಂಜರಿಯುವವನು ಕನ್ನಡದಲ್ಲಿ 'ಮೈಗಳ್ಳ', ಮರಾಠಿಯಲ್ಲಿ 'ಅಂಗಚೋರ', ಹಿಂದಿಯಲ್ಲಿ 'ಕಾಮ್‌ಚೋರ್'. ಮೂರೂ ನುಡಿಗಳನ್ನು ಬಲ್ಲವನಿಗೆ ಈ ಪಲ್ಲವಿ ನಿಘಂಟಿನ ನೆರವಿಲ್ಲದೆಯೇ ತೆರೆದುಕೊಳ್ಳುತ್ತದೆ.

ಎರಡನೆಯದು ಲಿಪಿಯ ಪ್ರಶ್ನೆ. ಮೊಬೈಲಿನ ಇಂಗ್ಲಿಷ್ ಅಕ್ಷರಗಳಲ್ಲಿ ಹಾಡನ್ನು ಬರೆದುಕೊಳ್ಳುವುದು ಇಂದಿನ ರೂಢಿ. ಅಲ್ಲಿ 'ಚುರ', 'ಚುರಾ', 'ಚೂರಾ' ಎಲ್ಲವೂ ಒಂದೇ ರೂಪ ತಾಳುವುದುಂಟು. ಕನ್ನಡ ಲಿಪಿಯಲ್ಲಿ ಬರೆದು ಪ್ರಸ್ತಾರ ಹಾಕಿದರೆ 'ಚುರಾ ಲಿಯಾ ಹೈ' ಎಂಬುದು ಲಘು, ಗುರು, ಲಘು, ಗುರು, ಗುರು: ಒಟ್ಟು ಎಂಟು ಮಾತ್ರೆಗಳು, ಅಂದರೆ ನಾಲ್ಕು ಮಾತ್ರೆಯ ಎರಡು ಗಣಗಳು. ಇನ್ನೊಂದು ಸೂಕ್ಷ್ಮವೂ ಉಂಟು. ಹಿಂದಿಯ 'ನೇ', 'ಸೇ', 'ಕೋ' ಪ್ರತ್ಯಯಗಳು ಬರೆಹದಲ್ಲಿ ಸದಾ ದೀರ್ಘ. ಉರ್ದು ಛಂದಸ್ಸು ಮಾತ್ರ ಅಗತ್ಯವಿದ್ದಲ್ಲಿ ಅವನ್ನು ಹ್ರಸ್ವವಾಗಿಸಲು ಒಪ್ಪುತ್ತದೆ. ಹಿಂದಿ-ಮರಾಠಿಗಳು ಬಳಸುವ ದೇವನಾಗರಿಯಲ್ಲಿ ಹ್ರಸ್ವ ಎ, ಒ ಸ್ವರಗಳಿಗೆ ಬೇರೆ ಚಿಹ್ನೆಯಿಲ್ಲ. ಕನ್ನಡದಲ್ಲಿದೆ. ಹಾಡಿದಂತೆ 'ನೆ' ಅಥವಾ 'ನೇ' ಎಂದು ಬೇರ್ಪಡಿಸಿ ಬರೆಯುವ ಸೌಲಭ್ಯ ಅಕ್ಕಲಕೋಟದ ಕನ್ನಡ ವಿದ್ಯಾರ್ಥಿಗೆ ತನ್ನ ಲಿಪಿಯಿಂದಲೇ ದೊರಕಿದೆ.

ಮೂರನೆಯದು ಬೆರಳಿನ ಕೆಲಸ. ಗಿಟಾರಿನ ಆರು ತಂತಿಗಳ ಶ್ರುತಿ ದಪ್ಪದಿಂದ ತೆಳುವಿನತ್ತ ಇ, ಎ, ಡಿ, ಜಿ, ಬಿ, ಇ. ಹಲವು ಸ್ವರಗಳು ಒಟ್ಟಿಗೆ ನುಡಿದರೆ ಅದು ಕಾರ್ಡ್. 'ಇ'ಯನ್ನು ಷಡ್ಜವಾಗಿಟ್ಟುಕೊಂಡರೆ 'ಇ ಮೈನರ್' ಎಂಬುದು ಷಡ್ಜ, ಕೋಮಲ ಗಾಂಧಾರ, ಪಂಚಮಗಳ ಕೂಟ. ಐದನೆಯ ಮತ್ತು ನಾಲ್ಕನೆಯ ತಂತಿಗಳನ್ನು ಎರಡನೆಯ ಫ್ರೆಟ್ಟಿನಲ್ಲಿ ಒತ್ತಿದರೆ ಸಾಕು. ಆ ಎರಡು ಬೆರಳುಗಳನ್ನು ಒಂದೊಂದು ತಂತಿ ಕೆಳಗಿಳಿಸಿ, ಎರಡನೆಯ ತಂತಿಯ ಮೊದಲ ಫ್ರೆಟ್ಟಿನಲ್ಲಿ ತೋರುಬೆರಳಿಟ್ಟರೆ 'ಎ ಮೈನರ್'. ಆರಂಭದ ಅಭ್ಯಾಸಕ್ಕೆ ಈ ಎರಡರ ನಡುವಿನ ಓಡಾಟವೇ ಸಾಕು. ತೊಡಕು ಬರುವುದು ಬದಲಾವಣೆಯ ಗಳಿಗೆಯಲ್ಲಿ. ಬೆರಳು ತಡವಾದರೆ ಕಾರ್ಡ್ ಬೇರೆ ಅಕ್ಷರದ ಮೇಲೆ ಬೀಳುತ್ತದೆ, ಪದವೇ ಒಡೆದಂತಾಗುತ್ತದೆ.

ಹಾಗಾಗಿ ಅಭ್ಯಾಸದ ಕ್ರಮ ಹೀಗಿರಲಿ. ಮೊದಲು ಧ್ವನಿಮುದ್ರಣವನ್ನು ಆಲಿಸಿ, ಪಲ್ಲವಿಯನ್ನು ಕನ್ನಡ ಲಿಪಿಯಲ್ಲಿ ಬರೆಯಬೇಕು. ಬಳಿಕ ಲಘು-ಗುರುಗಳನ್ನು ಗುರುತಿಸಬೇಕು. ಹಾಡುಗಾರಿಕೆಯಲ್ಲಿ ಅಕ್ಷರಗಳು ಈ ಲೆಕ್ಕವನ್ನು ಮೀರಿ ಹಿಗ್ಗುವುದರಿಂದ, ಅಂಗೈಯಲ್ಲಿ ನಾಲ್ಕರ ತಾಳ ಹಾಕುತ್ತ ಎಲ್ಲಿ ಎಷ್ಟು ಹಿಗ್ಗಿತೆಂದು ಗೆರೆಯೆಳೆದು ತೋರಿಸಬೇಕು. ಕೊನೆಗೆ ಕಾರ್ಡ್ ಬದಲಾಗುವ ಅಕ್ಷರದ ಮೇಲೆ ಅದರ ಹೆಸರನ್ನು ಬರೆಯಬೇಕು. ಈ ನಾಲ್ಕೂ ಆದ ಮೇಲೆಯೇ ವಾದ್ಯವನ್ನು ಕೈಗೆತ್ತಿಕೊಳ್ಳುವುದು ಲೇಸು.

ಛಂದಸ್ಸಿನ ಪಾಠವನ್ನು ಅಂಕಗಳಿಗಾಗಿ ಕಂಠಪಾಠ ಮಾಡಿದವರು ಅದನ್ನು ಪರೀಕ್ಷೆಯ ಮರುದಿನ ಮರೆಯುತ್ತಾರೆ. ತಂತಿಯ ಮೇಲೆ ಬೆರಳಿಟ್ಟು ಕಲಿತವರಿಗೆ ಅದು ಕಿವಿಯಲ್ಲಿ ಉಳಿಯುತ್ತದೆ. ಗಡಿಯ ವಿದ್ಯಾರ್ಥಿಗೆ ಹಾಡು ಹಿಂದಿಯದಾದರೂ ಅದನ್ನು ಅಳೆಯುವ ಕೋಲು ಕನ್ನಡದ್ದು ಎಂಬ ಅರಿವು ಮೂಡಿದರೆ, ಅವನ ಅಳುಕಿಗೆ ಅರ್ಧ ಉತ್ತರ ಸಿಕ್ಕಂತೆ.